ಎತ್ತಿದ ಕಸದ ಲೆಕ್ಕ ಸಾಲದು

ಎಲ್ಲರಿಗೂ ನಮಸ್ಕಾರ. ರಸ್ತೆಯ ಅಂಚಿನಲ್ಲಿ ಮಳೆನೀರು ಇಳಿಯಲು ಒಂದು ಕಬ್ಬಿಣದ ಜಾಲರಿ ಇರುತ್ತದಲ್ಲ, ಇವತ್ತಿನ ಮಾತು ಅಲ್ಲಿಂದ ಶುರುವಾಗಲಿ. ಅದರ ಕೆಳಗೆ ಇಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾನು ಹೋದ ಕಡೆಯೆಲ್ಲ ಕೇಳುತ್ತೇನೆ. ಶುದ್ಧೀಕರಣ ಘಟಕಕ್ಕೆ ಅನ್ನುವವರೇ ಜಾಸ್ತಿ. ಬಹಳಷ್ಟು ಊರುಗಳಲ್ಲಿ ಅದು ನಿಜವಲ್ಲ. ಶೌಚಾಲಯ, ಬಚ್ಚಲು, ಅಡುಗೆಮನೆಯ ನೀರು ಹೋಗುವ ಒಳಚರಂಡಿ ಬೇರೆ. ರಸ್ತೆಯ ಮಳೆನೀರು ಹೋಗುವ ಚರಂಡಿ ಬೇರೆ. ಮೊದಲನೆಯದು ಘಟಕಕ್ಕೆ ಹೋಗುತ್ತದೆ. ಎರಡನೆಯದು ಸೀದಾ ಹಳ್ಳಕ್ಕೋ ಕೆರೆಗೋ ನದಿಗೋ ಸೇರುತ್ತದೆ. ನಡುವೆ ಅದನ್ನು ಸೋಸುವವರು ಯಾರೂ ಇಲ್ಲ. ಕೆಲವು ಹಳೆಯ ನಗರಗಳಲ್ಲಿ ಎರಡಕ್ಕೂ ಒಂದೇ ಕೊಳವೆ. ಅಲ್ಲಿ ಜೋರು ಮಳೆ ಬಂದರೆ ಕೊಳವೆ ತುಂಬಿ, ಕೊಳಚೆ ಸಮೇತ ನದಿಗೆ ಉಕ್ಕುತ್ತದೆ.

ಆ ಜಾಲರಿಯ ಪಕ್ಕ ನಿಂತು ನೋಡಿದರೆ ಬೀದಿಯ ಕಸ ಮತ್ತು ನೀರಿನ ಮಾಲಿನ್ಯ ಎರಡು ಬೇರೆ ವಿಷಯಗಳಾಗಿ ಕಾಣುವುದಿಲ್ಲ. ಕಚೇರಿಯ ಕಡತದಲ್ಲಿ ಮಾತ್ರ ಅವು ಬೇರೆ. ಗುಡಿಸುವುದು ಒಬ್ಬರ ಹೊಣೆ, ಕಸ ಸಾಗಿಸುವುದು ಇನ್ನೊಬ್ಬರದು, ಚರಂಡಿಯ ಹೂಳು ಮತ್ತೊಬ್ಬರದು, ಮಾಲಿನ್ಯದ ದೂರು ಮಗದೊಬ್ಬರದು. ನಾನು ಇಂಥ ಕೆಲಸದಲ್ಲಿ ಬಹಳ ವರ್ಷ ಇದ್ದವಳು. ನಮ್ಮ ತಿಂಗಳ ವರದಿಯಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಇರುತ್ತಿದ್ದುದು ಒಂದೇ ಅಂಕಿ: ಎಷ್ಟು ಟನ್ ಕಸ ಎತ್ತಿದೆವು. ಅದು ಹೋದ ತಿಂಗಳಿಗಿಂತ ಜಾಸ್ತಿ ಇದ್ದರೆ ಎಲ್ಲರಿಗೂ ಸಮಾಧಾನ. ಆದರೆ ಜಾಸ್ತಿ ಕಸ ಎತ್ತಿದೆವು ಅಂದರೆ ಜಾಸ್ತಿ ಕಸ ಬಿದ್ದಿತ್ತು ಅಂತಲೂ ಅರ್ಥ, ಅಲ್ವಾ? ನಮ್ಮ ಕೈಗೆ ಸಿಗುವ ಮೊದಲೇ ಗಾಳಿಗೆ ಹಾರಿಹೋದದ್ದು, ಮಳೆಗೆ ಕೊಚ್ಚಿಹೋದದ್ದು, ಬೆಂಕಿಯಲ್ಲಿ ಹೊಗೆಯಾದದ್ದು ಆ ಅಂಕಿಯಲ್ಲಿ ಇರುವುದಿಲ್ಲ. ಹಾಳು ಮಾಡುವುದು ಆ ಭಾಗವೇ. ಅದಕ್ಕೇ ನನಗೆ ಅನ್ನಿಸುವುದು ಇಷ್ಟು. ಸ್ಥಳೀಯ ಸಂಸ್ಥೆಯ ಪರಿಸರ ಕೆಲಸವನ್ನು ಎತ್ತಿದ ಕಸದಿಂದ ಅಳೆಯಬಾರದು, ತಪ್ಪಿಸಿದ ಕಸದಿಂದ ಅಳೆಯಬೇಕು.

ಒಂದು ಮೂಲೆಯ ಕಥೆ ಹೇಳುತ್ತೇನೆ. ಎರಡು ರಸ್ತೆ ಕೂಡುವ ಕಡೆ ಒಂದು ಖಾಲಿ ಜಾಗ ಇತ್ತು. ಪ್ರತಿದಿನ ಅಲ್ಲಿ ಕಸದ ರಾಶಿ. ಪ್ರತಿದಿನ ನಮ್ಮ ಗಾಡಿ ಹೋಗಿ ಎತ್ತುತ್ತಿತ್ತು. ಬೋರ್ಡು ಹಾಕಿದೆವು, ದಂಡ ಹಾಕುತ್ತೇವೆ ಎಂದು ಬರೆಸಿದೆವು. ರಾಶಿ ಮಾತ್ರ ಕಡಿಮೆಯಾಗಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಹೊಸದಾಗಿ ಬಂದ ಮೇಲ್ವಿಚಾರಕಿಯೊಬ್ಬರು ಸುಮ್ನೆ ಒಂದು ವಾರ ಬೆಳಗಿನ ಜಾವ ಅಲ್ಲಿ ಹೋಗಿ ನಿಂತರು. ಕಸ ಹಾಕುತ್ತಿದ್ದವರೆಲ್ಲ ಬೆಳಗಿನ ಪಾಳಿಯ ಕೆಲಸಕ್ಕೆ ಹೊರಟವರು. ಮನೆ ಮನೆಗೆ ಬರುವ ನಮ್ಮ ಗಾಡಿ ಅವರು ಮನೆ ಬಿಟ್ಟು ಎರಡು ಗಂಟೆ ಆದ ಮೇಲೆ ಬರುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಚೀಲವನ್ನು ಬಾಗಿಲಲ್ಲಿಟ್ಟರೆ ನಾಯಿ ಎಳೆದು ಹಾಕುತ್ತದೆ. ಅವರು ಏನು ಮಾಡಬೇಕಿತ್ತು? ಆ ಎರಡು ರಸ್ತೆಗಳಿಗೆ ಗಾಡಿಯ ಸಮಯ ಬದಲಾಯಿಸಿದೆವು. ಒಂದು ತಿಂಗಳಲ್ಲಿ ಮೂಲೆ ಖಾಲಿಯಾಯಿತು. ವರದಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಬರಲಿಲ್ಲ. ಅಲ್ಲಿ ಎತ್ತಲು ಏನೂ ಇರಲಿಲ್ಲವಲ್ಲ. ಆ ಎರಡು ವರ್ಷ ಅಲ್ಲಿಗೆ ಹೋಗಿ ನಿಲ್ಲಬೇಕು ಅಂತ ನನಗೂ ಹೊಳೆಯಲಿಲ್ಲ ಅನ್ನುವ ಬೇಸರ ಇವತ್ತಿಗೂ ಇದೆ.

ಕಸ ಹಾಕುವವರಿಗೆ ಬುದ್ಧಿ ಇಲ್ಲ, ನಾಗರಿಕತೆ ಇಲ್ಲ ಎಂಬ ಮಾತು ಬಹಳ ಸುಲಭ. ನಾನೂ ಆಡಿದ್ದೇನೆ. ಆದರೆ ಜನ ಎಲ್ಲಿ, ಯಾವಾಗ, ಯಾಕೆ ಕಸ ಹಾಕುತ್ತಾರೆ ಎಂದು ಅಳೆದು ನೋಡಿದವರು ಬೇರೆಯದೇ ಹೇಳುತ್ತಾರೆ. ನೆದರ್ಲೆಂಡ್ಸಿನ ಗ್ರೋನಿಂಗೆನ್ ಎಂಬ ಊರಿನಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. ಸೈಕಲ್ ನಿಲ್ಲಿಸುವ ಒಂದು ಓಣಿ. ನಿಂತ ಸೈಕಲ್ಲುಗಳ ಹ್ಯಾಂಡಲಿಗೆ ಒಂದೊಂದು ಕರಪತ್ರ ಸಿಕ್ಕಿಸಿದರು. ಹತ್ತಿರದಲ್ಲಿ ಕಸದ ಡಬ್ಬಿ ಇರಲಿಲ್ಲ. ಪಕ್ಕದ ಗೋಡೆ ಸ್ವಚ್ಛವಾಗಿದ್ದಾಗ 100ಕ್ಕೆ 33 ಜನ ಆ ಕಾಗದವನ್ನು ನೆಲಕ್ಕೆ ಬಿಸಾಡಿದರು. ಅದೇ ಗೋಡೆಯ ಮೇಲೆ ಗೀಚಿಟ್ಟಾಗ 69 ಜನ. ಓಣಿ ಅದೇ, ಜನವೂ ಅಂಥವರೇ. ಗೋಡೆ ಒಂದೇ ಬೇರೆ. ಅಂದರೆ ನೋಡಿಕೊಳ್ಳುವವರಿಲ್ಲ ಎಂದು ಕಾಣುವ ಜಾಗ ತಾನೇ ಕಸವನ್ನು ಕರೆಯುತ್ತದೆ.

ಇದರಿಂದ ಡಬ್ಬಿಗಳ ವಿಷಯಕ್ಕೂ ಬರುತ್ತೇನೆ. ಡಬ್ಬಿ ಜಾಸ್ತಿ ಇಟ್ಟರೆ ಕಸ ಕಡಿಮೆಯಾಗುತ್ತದೆ ಎಂದು ಎಲ್ಲ ಕಡೆ ಕೇಳುತ್ತೇವೆ. ಹೊತ್ತಿಗೆ ಸರಿಯಾಗಿ ಖಾಲಿ ಮಾಡಿದರೆ ಮಾತ್ರ ಅದು ನಿಜ. ತುಂಬಿ ಚೆಲ್ಲುವ ಡಬ್ಬಿಯ ಸುತ್ತ ಜನ ಚೀಲಗಳನ್ನು ಇಟ್ಟು ಹೋಗುತ್ತಾರೆ. ಅವರ ಪ್ರಕಾರ ಅವರು ಸರಿಯಾದ ಜಾಗಕ್ಕೇ ತಂದಿದ್ದಾರೆ. ರಾತ್ರಿ ನಾಯಿ, ಇಲಿ ಹರಿದು ಹಾಕುತ್ತವೆ. ಬೆಳಿಗ್ಗೆ ಅರ್ಧ ರಸ್ತೆಯಲ್ಲಿ, ಕಾಲು ಭಾಗ ಚರಂಡಿಯಲ್ಲಿ. ಮುಚ್ಚಳ ಇಲ್ಲದ ಡಬ್ಬಿಯಿಂದ ಹಗುರವಾದ ಪ್ಲಾಸ್ಟಿಕ್ ಗಾಳಿಗೆ ಎದ್ದು ಹೋಗುತ್ತದೆ. ಹತ್ತು ಡಬ್ಬಿ ಇಟ್ಟು ಐದನ್ನು ಖಾಲಿ ಮಾಡುವುದಕ್ಕಿಂತ ಐದೇ ಇಟ್ಟು ದಿನಕ್ಕೆ ಎರಡು ಸಲ ಖಾಲಿ ಮಾಡುವುದು ಒಳ್ಳೆಯದು.

ಡಬ್ಬಿಗೂ ಒಂದು ಇತಿಹಾಸ ಇದೆ. ಪ್ಯಾರಿಸ್ಸಿನ ಆಡಳಿತಾಧಿಕಾರಿ ಯೂಜೀನ್ ಪುಬೆಲ್ 1880ರ ದಶಕದಲ್ಲಿ, ಪ್ರತಿ ಕಟ್ಟಡದ ಮಾಲೀಕರೂ ಮುಚ್ಚಳವಿರುವ ಡಬ್ಬಿ ಕೊಡಬೇಕು ಎಂದು ಆದೇಶ ಹೊರಡಿಸಿದರು. ಅವರು ಕೇಳಿದ್ದು ಒಂದು ಡಬ್ಬಿಯನ್ನಲ್ಲ, ಮೂರನ್ನು. ಕೊಳೆಯುವ ಕಸಕ್ಕೆ ಒಂದು, ಕಾಗದ ಮತ್ತು ಬಟ್ಟೆಗೆ ಒಂದು, ಒಡೆದ ಪಿಂಗಾಣಿ ಮತ್ತು ಚಿಪ್ಪುಗಳಿಗೆ ಒಂದು. ಫ್ರೆಂಚ್ ಭಾಷೆಯಲ್ಲಿ ಇವತ್ತಿಗೂ ಕಸದ ಡಬ್ಬಿಯನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ನಾವು ಇವತ್ತು ಹೇಳುವುದು ಹೊಸ ಮಾತೇನಲ್ಲ. ನ್ಯೂಯಾರ್ಕಿನಲ್ಲಿ 1895ರಲ್ಲಿ ಬೀದಿ ಸ್ವಚ್ಛತೆಯ ಮುಖ್ಯಸ್ಥರಾದ ಜಾರ್ಜ್ ವೇರಿಂಗ್ ಕೂಡ ಮನೆಗಳಲ್ಲಿ ಬೂದಿ, ಅಡುಗೆಮನೆ ಕಸ, ಒಣ ಕಸ ಬೇರೆ ಮಾಡಿಸಿದರು. ಅಲ್ಲಿಯವರೆಗೆ ಆ ಊರಿನ ಬೀದಿಗಳಲ್ಲಿ ಕುದುರೆ ಲದ್ದಿಯೂ ಬೂದಿಯೂ ರಾಶಿ ಬಿದ್ದಿರುತ್ತಿದ್ದವು. ವೇರಿಂಗ್ ತಮ್ಮ ಗುಡಿಸುವವರಿಗೆ ಬಿಳಿ ಸಮವಸ್ತ್ರ ಕೊಟ್ಟರು. ಕೊಳೆಯಾಗುವ ಕೆಲಸಕ್ಕೆ ಬಿಳಿ ಬಟ್ಟೆ ಯಾಕೆ ಎಂದು ಅನ್ನಿಸಬಹುದು. ಈ ಕೆಲಸ ಊರಿನ ಆರೋಗ್ಯಕ್ಕೆ ಸೇರಿದ್ದು ಎಂದು ನೋಡಿದವರಿಗೆ ತಿಳಿಯಲಿ ಎಂಬುದು ಅವರ ಉದ್ದೇಶ. ಪೌರಕಾರ್ಮಿಕರನ್ನು ಕಂಡರೆ ಮೂಗು ಮುಚ್ಚಿಕೊಳ್ಳುವವರನ್ನು ನೋಡಿದಾಗೆಲ್ಲ ನನಗೆ ಆ ಬಿಳಿ ಬಟ್ಟೆ ನೆನಪಾಗುತ್ತದೆ. ಗಾಜಿನ ಚೂರು, ಸೂಜಿ, ವೇಗವಾಗಿ ಬರುವ ವಾಹನ, ಇವುಗಳ ನಡುವೆ ಅವರು ಬಗ್ಗಿ ಕೆಲಸ ಮಾಡುತ್ತಾರೆ. ಗಾಜನ್ನು ಕಾಗದದಲ್ಲಿ ಸುತ್ತಿ, ಮೇಲೆ ಬರೆದು ಕೊಡುವುದು ನಮಗೆ ಅರ್ಧ ನಿಮಿಷದ ಕೆಲಸ.

ಈಗ ಮತ್ತೆ ಜಾಲರಿಯ ಹತ್ತಿರ ಬರೋಣ.

ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಸಿಗುವ ವಸ್ತುಗಳಲ್ಲಿ ಸಿಗರೇಟ್ ತುಂಡು ಒಂದು. ಅದರ ಫಿಲ್ಟರ್ ಹತ್ತಿಯಂತೆ ಕಾಣುತ್ತದೆ. ಹತ್ತಿಯಲ್ಲ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಸೇದಿದ ಮೇಲೆ ಅದರಲ್ಲಿ ನಿಕೋಟಿನ್, ಭಾರ ಲೋಹಗಳು ಉಳಿದಿರುತ್ತವೆ. 2011ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಒಂದು ಲೀಟರ್ ನೀರಿಗೆ ಸೇದಿದ ಒಂದು ತುಂಡಿನಷ್ಟು ನೆನೆಸಿದ ನೀರಲ್ಲಿ ಬಿಟ್ಟ ಮೀನುಗಳಲ್ಲಿ ಸುಮಾರು ಅರ್ಧದಷ್ಟು 4 ದಿನಗಳಲ್ಲಿ ಸತ್ತವು. ಒಂದು ಜಾಲರಿಯಿಂದ ಒಂದು ಬೆಳಗ್ಗೆ ನಾವು ಹಿಡಿ ಹಿಡಿ ತುಂಡುಗಳನ್ನು ತೆಗೆದದ್ದಿದೆ. ನದಿಯಲ್ಲಿ ನೀರು ಜಾಸ್ತಿ, ನಿಜ. ಆದರೆ ಮೊದಲ ಮಳೆಯ ಮೊದಲ ಅರ್ಧ ಗಂಟೆಯಲ್ಲಿ ವಾರಗಟ್ಟಲೆ ರಸ್ತೆಯ ಮೇಲೆ ಕೂತದ್ದೆಲ್ಲ ಒಟ್ಟಿಗೆ ಬರುತ್ತದೆ. ಆಗ ಹಳ್ಳದಲ್ಲಿ ಇರುವ ನೀರು ಬಹಳ ಕಡಿಮೆ.

ಕಣ್ಣಿಗೆ ಕಾಣುವ ಕಸ ಅದರಲ್ಲಿ ಸ್ವಲ್ಪವೇ. ಬ್ರೇಕಿನ ಪುಡಿ, ಸೋರಿದ ಆಯಿಲ್, ಟೈರು ಸವೆದ ಧೂಳು ಎಲ್ಲ ರಸ್ತೆಯಲ್ಲೇ ಇರುತ್ತವೆ. ಅಮೆರಿಕದ ಸಿಯಾಟಲ್ ಸುತ್ತಲಿನ ಹಳ್ಳಗಳಲ್ಲಿ ಮಳೆ ಬಂದ ಕೂಡಲೇ ಕೋಹೋ ಜಾತಿಯ ಸಾಲ್ಮನ್ ಮೀನುಗಳು ರಾಶಿ ರಾಶಿ ಸಾಯುತ್ತಿದ್ದವು. ಕಾರಣ ತಿಳಿಯಲು ವಿಜ್ಞಾನಿಗಳಿಗೆ ವರ್ಷಗಳೇ ಬೇಕಾದವು. 2020ರ ಕೊನೆಗೆ ಉತ್ತರ ಸಿಕ್ಕಿತು. ಟೈರು ಬೇಗ ಬಿರುಕು ಬಿಡದಿರಲಿ ಎಂದು ಬೆರೆಸುವ ಒಂದು ರಾಸಾಯನಿಕ ಗಾಳಿಯ ಓಝೋನ್ ಜೊತೆ ಸೇರಿ ಬೇರೊಂದು ವಸ್ತುವಾಗಿ, ಮಳೆನೀರಿನಲ್ಲಿ ಹಳ್ಳ ಸೇರುತ್ತಿತ್ತು. ಹಾಗಾಗಿ ರಸ್ತೆಯ ಅಂಚಿನ ನುಣುಪು ಧೂಳನ್ನು ಮಳೆಗೆ ಮೊದಲು ತೆಗೆಯುವುದು ಅಂದ ಚೆಂದದ ಕೆಲಸವಲ್ಲ. ದೊಡ್ಡ ಕಾಗದ, ಬಾಟಲಿ ಎತ್ತಿ ಧೂಳನ್ನು ಅಲ್ಲೇ ಬಿಟ್ಟರೆ, ಅಥವಾ ಗುಡಿಸಿದ ಧೂಳನ್ನು ಜಾಲರಿಯೊಳಗೇ ತಳ್ಳಿದರೆ, ರಸ್ತೆ ಚೊಕ್ಕಟವಾಗಿ ಕಾಣುತ್ತದೆ, ಹಳ್ಳ ಹಾಳಾಗುತ್ತದೆ. ಹೀಗೆ ತಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗುಡಿಸುವವರನ್ನು ಬೈದು ಪ್ರಯೋಜನವಿಲ್ಲ. ತುಂಬಿಕೊಳ್ಳಲು ಅವರಿಗೆ ಚೀಲ, ತಳ್ಳುಗಾಡಿ ಕೊಟ್ಟಿರುವುದಿಲ್ಲ.

ವಿಷವೇ ಇರಬೇಕು ಅಂತೇನೂ ಇಲ್ಲ. ಹಾಲನ್ನೇ ತೆಗೆದುಕೊಳ್ಳಿ. ಕೆಟ್ಟ ಹಾಲನ್ನು ಮಳೆನೀರು ಚರಂಡಿಗೆ ಚೆಲ್ಲಿದರೆ ಏನಾಗುತ್ತದೆ ಎಂದು ಹಲವರು ಕೇಳಿದ್ದಾರೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ಅದು ದೊಡ್ಡ ಹಬ್ಬ. ಅವು ತಿಂದು ಬೆಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಹಾಲು ಹೀರುವ ಆಮ್ಲಜನಕ ಅಷ್ಟೇ ಪ್ರಮಾಣದ ಮನೆಯ ಕೊಳಚೆ ನೀರಿಗಿಂತ ನೂರಾರು ಪಟ್ಟು ಜಾಸ್ತಿ. 20 ಡಿಗ್ರಿ ಸೆಲ್ಸಿಯಸ್ಸಿನ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿರುವ ಆಮ್ಲಜನಕವೇ ಸುಮಾರು 9 ಮಿಲಿಗ್ರಾಂ. 30 ಡಿಗ್ರಿಗೆ ಅದು 7.5ರ ಹತ್ತಿರ ಇಳಿಯುತ್ತದೆ. ಬಿಸಿಲುಗಾಲದಲ್ಲಿ ನೀರು ಕಡಿಮೆ, ಆಮ್ಲಜನಕವೂ ಕಡಿಮೆ. ಆಗ ಯಾರೋ ಒಬ್ಬರು ಒಂದು ಡ್ರಮ್ ಸುರಿದರೆ ಮಾರನೆಯ ಬೆಳಗ್ಗೆ ಮೀನುಗಳು ಮೇಲೆ ತೇಲುತ್ತವೆ. ನೀರು ನೋಡಲು ತಿಳಿಯಾಗಿಯೇ ಇರಬಹುದು. ಉಸಿರು ಕಟ್ಟಿ ಸತ್ತ ಮೀನುಗಳು ಅವು.

ಇಂಥ ಮಾಲಿನ್ಯದ ಮೂಲ ಹುಡುಕುವುದು ನನಗೆ ಬಹಳ ಇಷ್ಟವಾಗಿದ್ದ ಕೆಲಸ. ಪೈಪಿನ ಬಾಯಿಯಿಂದ ಶುರು ಮಾಡಿ ಒಂದೊಂದೇ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಮೇಲಕ್ಕೆ ನಡೆಯುತ್ತಾ ಹೋಗಬೇಕು. ಎರಡು ಕವಲು ಕೂಡುವ ಕಡೆ ಯಾವುದರಲ್ಲಿ ಕೊಳೆ ಬರುತ್ತಿದೆ ಎಂದು ನೋಡಿ ಆ ಕಡೆ ತಿರುಗಬೇಕು. ಹೀಗೆ ಹೋಗಿ ಹೋಗಿ ಕೊನೆಗೆ ಒಂದು ಕಟ್ಟಡದ ಹತ್ತಿರ ನಿಲ್ಲುತ್ತೇವೆ. ಖಾತ್ರಿಯಾಗಬೇಕಾದರೆ ಆ ಕಟ್ಟಡದ ಬಚ್ಚಲಲ್ಲಿ ಫ್ಲೋರೆಸಿನ್ ಎಂಬ ಹಸಿರು ಬಣ್ಣ ಬಿಟ್ಟು, ಕೆಳಗಿನ ಮ್ಯಾನ್‌ಹೋಲಿನಲ್ಲಿ ಹಸಿರು ಬರುತ್ತದೆಯೇ ಎಂದು ಕಾಯಬೇಕು. ಎಷ್ಟೋ ಸಲ ಅಲ್ಲಿ ಯಾವ ಕೆಟ್ಟ ಉದ್ದೇಶವೂ ಇರುವುದಿಲ್ಲ. ಮನೆ ದೊಡ್ಡದು ಮಾಡಿಸುವಾಗ ಪ್ಲಂಬರ್ ಹೊಸ ಶೌಚಾಲಯದ ಪೈಪನ್ನು ಹತ್ತಿರ ಸಿಕ್ಕ ಕೊಳವೆಗೆ ಜೋಡಿಸಿರುತ್ತಾನೆ. ಅದು ಮಳೆನೀರಿನ ಕೊಳವೆ. ಮನೆಯವರಿಗೆ ಗೊತ್ತೇ ಇರುವುದಿಲ್ಲ. ತೋರಿಸಿದರೆ ಅವರಿಗೇ ಗಾಬರಿ. ಹೆಚ್ಚಿನವರು ಒಂದು ವಾರದಲ್ಲಿ ಸರಿ ಮಾಡಿಸುತ್ತಾರೆ. ಒಂದು ಪೈಪು ಸರಿಯಾದರೆ ವರ್ಷಗಟ್ಟಲೆ ಹಳ್ಳ ಸೇರುತ್ತಿದ್ದ ಕೊಳಚೆ ನಿಂತಂತೆ. ಇದನ್ನು ಯಾವ ಟನ್ ಲೆಕ್ಕದಲ್ಲಿ ಬರೆಯುತ್ತೀರಿ?

ಹೊಗೆಯ ವಿಷಯ. ಒಣಗಿದ ಎಲೆ, ಪ್ಲಾಸ್ಟಿಕ್ ಎಲ್ಲ ಸೇರಿಸಿ ಬೀದಿಯಲ್ಲೇ ಬೆಂಕಿ ಹಚ್ಚುವುದನ್ನು ಎಲ್ಲರೂ ನೋಡಿದ್ದೀರಿ. ಕಸ ಮಾಯವಾಯಿತು ಅನ್ನಿಸುತ್ತದೆ. ನೆಲದಲ್ಲಿದ್ದದ್ದು ಎದೆಗೆ ಬಂತು, ಅಷ್ಟೇ. ಸಣ್ಣ ಬೆಂಕಿಗೆ ಕಾವು ಸಾಲದು. ಅರ್ಧ ಬೆಂದ ಪ್ಲಾಸ್ಟಿಕ್ಕಿನಿಂದ, ಅದರಲ್ಲೂ ಪಿವಿಸಿಯಿಂದ, ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಪಿಎಂ 2.5 ಎಂಬ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವುಗಳ ವಾರ್ಷಿಕ ಸರಾಸರಿ ಮಿತಿಯನ್ನು ಘನ ಮೀಟರಿಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿತು.

ಹೊಗೆಯನ್ನು ಸ್ಥಳೀಯ ಸಂಸ್ಥೆ ಏನು ಮಾಡಲು ಸಾಧ್ಯ ಎಂದು ಕೈಚೆಲ್ಲುವವರಿಗೆ ಲಂಡನ್ ನೆನಪಿಸುತ್ತೇನೆ. 1952ರ ಡಿಸೆಂಬರ್ 5ರಿಂದ ಐದು ದಿನ ಆ ನಗರದ ಮೇಲೆ ಕಲ್ಲಿದ್ದಲ ಹೊಗೆ ಮತ್ತು ಮಂಜು ಸೇರಿ ಕೂತುಬಿಟ್ಟವು. ಸುಮಾರು 4,000 ಜನ ಸತ್ತರು ಎಂದು ಆಗ ಲೆಕ್ಕ ಹಾಕಿದರು. ನಂತರದ ಅಂದಾಜುಗಳು 12,000ದವರೆಗೆ ಹೋಗುತ್ತವೆ. 1956ರಲ್ಲಿ ಬಂದ ಶುದ್ಧ ಗಾಳಿ ಕಾಯ್ದೆ, ಹೊಗೆ ನಿಯಂತ್ರಣ ಪ್ರದೇಶ ಎಂದು ಘೋಷಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೇ ಕೊಟ್ಟಿತು. ನನಗೆ ಮುಖ್ಯ ಅನ್ನಿಸುವುದು ಅದರ ಇನ್ನೊಂದು ಭಾಗ. ಕಲ್ಲಿದ್ದಲು ಸುಡಬೇಡಿ ಎಂದು ಹೇಳಿ ಬಿಡಲಿಲ್ಲ. ಮನೆಯ ಒಲೆ ಬದಲಾಯಿಸುವ ಖರ್ಚಿನ ದೊಡ್ಡ ಪಾಲನ್ನು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆ ಸೇರಿ ಕೊಟ್ಟವು. ಬೇಡ ಎನ್ನುವ ಜೊತೆಗೆ ಬೇರೆ ದಾರಿಯನ್ನೂ ತೋರಿಸಿದರು. ಎಲೆ ಸುಡಬೇಡಿ ಎನ್ನುವ ನಗರಸಭೆ ಎಲೆ ಒಯ್ಯುವ ಗಾಡಿಯನ್ನೂ ಕಳಿಸಬೇಕು, ಅಥವಾ ಹತ್ತಿರದಲ್ಲೇ ಗೊಬ್ಬರದ ಗುಂಡಿ ಮಾಡಬೇಕು.

ಇಲ್ಲಿ ದುಡ್ಡಿನ ಮಾತು ಬಂದೇ ಬರುತ್ತದೆ. ವಿಶ್ವಬ್ಯಾಂಕ್ 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಜಗತ್ತಿನ ಊರುಗಳಲ್ಲಿ 2016ರಲ್ಲಿ ಹುಟ್ಟಿದ ಕಸ 201 ಕೋಟಿ ಟನ್. 2050ರ ಹೊತ್ತಿಗೆ ಅದು 340 ಕೋಟಿ ಟನ್ ಆಗಬಹುದು. ಬಡ ದೇಶಗಳ ಸ್ಥಳೀಯ ಸಂಸ್ಥೆಗಳು ತಮ್ಮ ಬಜೆಟ್ಟಿನ ಸರಾಸರಿ 20 ಶೇಕಡಾವನ್ನು ಕಸಕ್ಕೇ ಖರ್ಚು ಮಾಡುತ್ತವೆ. ಶ್ರೀಮಂತ ದೇಶಗಳಲ್ಲಿ ಅದು 4 ಶೇಕಡಾ. ಅಷ್ಟು ಖರ್ಚು ಮಾಡಿದರೂ ಬಡ ದೇಶಗಳ ಕಸದಲ್ಲಿ ಬಹುಪಾಲು ಬಯಲಲ್ಲಿ ಸುರಿಯುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. ಒಟ್ಟು ಕಸದಲ್ಲಿ 44 ಶೇಕಡಾ ಆಹಾರ ಮತ್ತು ಹಸಿರು ಕಸ. ಅದನ್ನು ಬೇರೆ ಮಾಡದೆ ರಾಶಿಯ ಅಡಿಯಲ್ಲಿ ಹೂತರೆ ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುತ್ತದೆ. ಅದರ ನೀರು ಕಪ್ಪಾಗಿ ಇಳಿದು ಬಾವಿಗೆ ಸೇರುತ್ತದೆ. ಇಷ್ಟು ಖರ್ಚಿನಲ್ಲಿ ತಡೆಯುವ ಕೆಲಸಕ್ಕೆ ಎಷ್ಟು ಇಟ್ಟಿದ್ದೀರಿ ಎಂದು ನಿಮ್ಮ ಊರಿನ ಬಜೆಟ್ ಚರ್ಚೆಯಲ್ಲಿ ಕೇಳಿ. ಕೇಳುವವರಿದ್ದರೆ ಬರೆಯುವವರು ಬರೆಯುತ್ತಾರೆ.

ತಡೆಯುವುದು ಸಾಧ್ಯವೇ ಅನ್ನುವವರಿಗೆ ಐರ್ಲೆಂಡಿನ ಉದಾಹರಣೆ ಸಾಕು. 2002ರ ಮಾರ್ಚ್‌ನಲ್ಲಿ ಅಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಗ್ರಾಹಕರೇ ಸಣ್ಣ ಶುಲ್ಕ ಕೊಡಬೇಕು ಎಂದಾಯಿತು. ಒಬ್ಬೊಬ್ಬರು ವರ್ಷಕ್ಕೆ ಬಳಸುತ್ತಿದ್ದ ಸುಮಾರು 328 ಚೀಲ 21ಕ್ಕೆ ಇಳಿಯಿತು. ಆ ಚೀಲಗಳನ್ನು ಯಾರೂ ಗುಡಿಸಬೇಕಾಗಲಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ದಂಡ ಜಾಸ್ತಿ ಮಾಡಿದರೆ ಜನ ಹೆದರುವುದಿಲ್ಲವೇ ಎಂದು ಒಬ್ಬ ಹಿರಿಯರು ಕೇಳಿದರು. ದಂಡ ಬೇಕು, ನಾನು ಬೇಡ ಅನ್ನುವುದಿಲ್ಲ. ರಾತ್ರಿ ಲಾರಿಯಲ್ಲಿ ಕಟ್ಟಡದ ಅವಶೇಷ ತಂದು ಸುರಿಯುವವರ ಜೊತೆ ಮೆದು ಮಾತು ನಡೆಯುವುದಿಲ್ಲ. ಅವರು ಸಾಗಿಸುವ ಖರ್ಚು ಉಳಿಸಿಕೊಂಡು ಅದನ್ನು ಊರಿನ ಮೇಲೆ ಹಾಕುತ್ತಾರೆ. ಅಂಥ ರಾಶಿಯಲ್ಲಿ ಬಿಲ್ಲು, ವಿಳಾಸದ ಚೀಟಿ ಸಿಗುತ್ತವೆ. ಅದನ್ನು ಹಿಡಿದು ಹೋಗಬಹುದು. ಆದರೆ ಹತ್ತು ಪಟ್ಟು ದಂಡ ಬರೆದು ವರ್ಷಕ್ಕೆ ಒಬ್ಬರನ್ನು ಹಿಡಿಯುವುದಕ್ಕಿಂತ, ಸಣ್ಣ ದಂಡವನ್ನು ಹಾಕಿದವರೆಲ್ಲರಿಗೂ ಹಾಕುವುದು ಕೆಲಸ ಮಾಡುತ್ತದೆ. ಸಿಕ್ಕಿಬೀಳುತ್ತೇನೆ ಎಂಬುದು ಖಚಿತವಾದಾಗಲೇ ಜನ ಕೈ ಹಿಂದೆ ತೆಗೆಯುವುದು.

ಒಬ್ಬ ಕಾಲೇಜು ಹುಡುಗಿ, ನಮ್ಮಂಥವರು ಮಾಡುವುದಕ್ಕೆ ಏನಿದೆ, ಫೋಟೋ ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ ಎಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮ್ಮ ಹತ್ತಿರದ ಹಳ್ಳಕ್ಕೋ ಕೆರೆಗೋ ಮಳೆನೀರಿನ ಪೈಪು ಬಂದು ಸೇರುವ ಜಾಗ ಹುಡುಕಿ. ಮೂರು ದಿನ ಮಳೆ ಇಲ್ಲದಿರುವಾಗ ಹೋಗಿ ನೋಡಿ. ಆಗ ಆ ಪೈಪು ಒಣಗಿರಬೇಕು. ನೀರು ಬರುತ್ತಿದ್ದರೆ ಅದು ಅಂತರ್ಜಲ ಇರಬಹುದು, ಒಡೆದ ಕುಡಿಯುವ ನೀರಿನ ಪೈಪು ಇರಬಹುದು, ಅಥವಾ ಯಾರದೋ ಬಚ್ಚಲು ಇರಬಹುದು. ನೊರೆ ಇದೆಯಾ, ಬೂದು ಬಣ್ಣ ಇದೆಯಾ, ವಾಸನೆ ಹೇಗಿದೆ, ಪೈಪಿನ ಬಾಯಲ್ಲಿ ಬೂದು ಲೋಳೆ ಕಟ್ಟಿದೆಯಾ ನೋಡಿ. ನೀರಿಗೆ ಕೈ ಹಾಕಬೇಡಿ. ದಿನ, ಗಂಟೆ, ಜಾಗ ಬರೆದುಕೊಳ್ಳಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಎರಡು ವಾರ ನೋಡಿ. ಇಲ್ಲಿ ಗಲೀಜು ಇದೆ ಎಂಬ ದೂರು ಮೇಜಿನ ಮೇಲೆ ಉಳಿಯುತ್ತದೆ. ಪ್ರತಿದಿನ ಬೆಳಿಗ್ಗೆ ಏಳರಿಂದ ಎಂಟರವರೆಗೆ ಈ ಪೈಪಿನಲ್ಲಿ ಸೋಪಿನ ನೊರೆ ಬರುತ್ತದೆ ಎಂಬ ದೂರು ಕೈಗೆ ಬಂದರೆ, ನಮ್ಮಂಥವರು ಮಾರನೆಯ ದಿನ ಏಳಕ್ಕೆ ಮೊದಲು ಮ್ಯಾನ್‌ಹೋಲಿನ ಹತ್ತಿರ ನಿಂತಿರುತ್ತೇವೆ.